ಕೈಯಲ್ಲಿ ಹೆಣೆದ ತೊಪ್ಪಿಗೆ ಬೆಲೆ ಎಷ್ಟು?

ನಮ್ಮ ಮನೆಗಳ ಕಪಾಟು ತೆರೆದು ನೋಡಿ, ತೊಪ್ಪಿಗಳಿಗೆ ಬರಗಾಲವಿಲ್ಲ. ಉರೂಸಿಗೆ ಹೋದಾಗ ಕೊಂಡದ್ದು, ಉಮ್ರಾ ಮುಗಿಸಿ ಬಂದವರು ಹಂಚಿದ್ದು, ಮದ್ರಸಕ್ಕೆ ಹೋಗುವ ಮಕ್ಕಳಿಗೆಂದು ತಂದದ್ದು. ಆದರೆ ತಲೆಗೆ ಸರಿಯಾಗಿ ಕೂರುವುದು ಅದರಲ್ಲಿ ಎಷ್ಟು? ಒಂದು ಸುಜೂದಿಗೆ ಬಗ್ಗಿದಾಗ ಜಾರುತ್ತದೆ, ಇನ್ನೊಂದು ಹಣೆಯಲ್ಲಿ ಗೆರೆ ಮೂಡಿಸುತ್ತದೆ. ಹಾಗಿದ್ದರೂ ‘ನಾವು ಮನೆಯಲ್ಲೇ ಕೂತು ತೊಪ್ಪಿ ಹೆಣೆಯುತ್ತೇವೆ’ ಎಂದರೆ ಕೇಳುವವರ ಮೊದಲ ಮಾತು ಒಂದೇ: “ಎಂತಕ್ಕೆ ಅಷ್ಟು ಕಷ್ಟ? ಅಂಗಡಿಯಲ್ಲಿ ಬೇಕಾದಷ್ಟು ಸಿಗ್ತದಲ್ಲ!”

ಸಿಗ್ತದೆ, ನಿಜ. ಆದರೆ ಅಂಗಡಿಗೆ ಅದು ಎಲ್ಲಿಂದ ಬರ್ತದೆ ಎಂದು ಯೋಚಿಸಿದವರು ಕಡಿಮೆ. ಎರಡು ಕಡ್ಡಿಯಲ್ಲಿ ಸ್ವೆಟರ್, ಕಾಲುಚೀಲ ಹೆಣೆಯುವ ಕೆಲಸಕ್ಕೆ ಯಂತ್ರ ಬಂದು ಬಹಳ ಕಾಲವಾಯಿತು. 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದ. ಒಂದೇ ಕೊಕ್ಕೆಕಡ್ಡಿಯ ಕ್ರೋಶಾದ ಕಥೆ ಬೇರೆ. ಅದನ್ನು ಕೈಯಂತೆಯೇ ಹೆಣೆದು ರಾಶಿ ಹಾಕುವ ಯಂತ್ರ ಇಂದಿಗೂ ಕಾರ್ಖಾನೆಗಳಲ್ಲಿಲ್ಲ. ಹಾಗಾಗಿ ಅಂಗಡಿಯ ಬಲೆಬಲೆ ತೊಪ್ಪಿ ಒಂದೋ ಕ್ರೋಶಾದ ಹಾಗೆ ಕಾಣುವ ಯಂತ್ರದ ಬಟ್ಟೆ, ಇಲ್ಲವೇ ಯಾರದೋ ಕೈಕೆಲಸ. ಬಾಂಗ್ಲಾದೇಶದ ಬೋಗ್ರಾ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಮನೆಗೆಲಸದ ನಡುವೆ ಹೆಣೆಯುವ ‘ಜಾಲಿ ಟುಪಿ’ ಕೊಲ್ಲಿ ದೇಶಗಳವರೆಗೆ ಹೋಗುತ್ತದೆ.

ಅಷ್ಟು ದೂರ ಯಾಕೆ, ನಮ್ಮ ನೆರೆಯ ಕಾಸರಗೋಡಿನ ತಳಂಗರೆಯನ್ನೇ ನೋಡಿ. ಅಲ್ಲಿನ ಮನೆಗಳಲ್ಲಿ ಹೆಂಗಸರು ಸೂಜಿಯಿಂದ ಹೊಲಿಯುತ್ತಿದ್ದ ತಳಂಗರೆ ತೊಪ್ಪಿ ಒಂದು ಕಾಲಕ್ಕೆ ಕೊಲ್ಲಿಗೂ ಆಫ್ರಿಕಾಕ್ಕೂ ಹೋಗುತ್ತಿತ್ತು. ಅಗ್ಗದ ತೊಪ್ಪಿಗಳು ಬಂದ ಮೇಲೆ ಹೊಲಿಯುವವರು ಬೆರಳೆಣಿಕೆಗೆ ಇಳಿದರು. ತಳಂಗರೆಯದು ಬಟ್ಟೆಯ ಮೇಲಿನ ಸೂಜಿ ಕೆಲಸ, ನಮ್ಮದು ಬರೀ ನೂಲಿನ ಹೆಣಿಗೆ. ಕೈ ನಿಂತರೆ ವಿದ್ಯೆಯೂ ನಿಲ್ಲುತ್ತದೆ ಎಂಬ ಮಾತು ಮಾತ್ರ ಎರಡಕ್ಕೂ ಒಂದೇ.

ಇನ್ನು ಹೆಣೆಯುವುದು ಹೇಗೆ? ಮೊದಲು ಅಳತೆ. ಒಂದು ದಾರವನ್ನು ಹಣೆಯ ಮೇಲಿನಿಂದ ತಲೆಯ ಸುತ್ತ ಹಿಡಿದು, ಅದನ್ನು ಸ್ಕೇಲಿನಲ್ಲಿ ಅಳೆಯಿರಿ. ದುಬೈಯಲ್ಲಿರುವ ಮಗನಾದರೆ ಅಳತೆ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಸುತ್ತಳತೆ 56 ಸೆಂ.ಮೀ. ಇದ್ದರೆ 3.14ರಿಂದ ಭಾಗಿಸಿ, 18 ಸೆಂ.ಮೀ.ಗೆ ತುಸು ಕಡಿಮೆ ಬರುತ್ತದೆ. ನೂಲು ಹಿಗ್ಗುವುದರಿಂದ ನೆತ್ತಿಯ ಬಿಲ್ಲೆ 17 ಸೆಂ.ಮೀ. ಅಗಲವಾದರೆ ಸಾಕು. ಅದರ ಕೆಳಗೆ ಏಳು ಸೆಂ.ಮೀ. ಗೋಡೆ.

ಬಿಲ್ಲೆಯ ಗುಟ್ಟು ಹನ್ನೆರಡರ ಲೆಕ್ಕ. ಕಡ್ಡಿಗೆ ಒಮ್ಮೆ ನೂಲು ಸುತ್ತಿಕೊಂಡು ಹಾಕುವ ‘ಡಬಲ್ ಕ್ರೋಶಾ’ ಮೊದಲ ಸುತ್ತಿಗೆ 12. ಎರಡನೆಯದರಲ್ಲಿ ಪ್ರತಿಯೊಂದರ ಮೇಲೆ ಎರಡೆರಡು, ಒಟ್ಟು 24. ಮೂರನೆಯದಕ್ಕೆ 36, ನಾಲ್ಕನೆಯದಕ್ಕೆ 48. ಪ್ರತಿ ಸುತ್ತಿಗೂ ಹನ್ನೆರಡು ಏರಿದರೆ ಬಿಲ್ಲೆ ಓಡುದೋಸೆಯ ಹಾಗೆ ಸಪಾಟಾಗಿ ಮಲಗುತ್ತದೆ. ಕಡಿಮೆ ಹಾಕಿದಿರೋ, ಬಟ್ಟಲಿನ ಹಾಗೆ ಮುದುಡುತ್ತದೆ. ಹೆಚ್ಚು ಹಾಕಿದಿರೋ, ಅಂಚು ಲಂಗದ ನೆರಿಗೆಯಂತೆ ಅಲೆಯಲೆಯಾಗುತ್ತದೆ. ಬೇಕಾದ ಅಗಲ ಬಂದ ಮೇಲೆ ಏರಿಸುವುದನ್ನು ನಿಲ್ಲಿಸಿ. ಗೋಡೆ ತಾನಾಗಿಯೇ ಕೆಳಗಿಳಿಯುತ್ತದೆ. ಗೋಡೆಯಲ್ಲಿ ನಡುನಡುವೆ ಚೈನ್ ಬಿಟ್ಟರೆ ಗಾಳಿಯಾಡುವ ಕಿಂಡಿಗಳಾಗುತ್ತವೆ.

ನಮ್ಮ ಕರಾವಳಿಯ ಬೆವರಿಗೆ ಉಲ್ಲನ್ ಬೇಡ, ಹತ್ತಿ ನೂಲೇ ಆಗಬೇಕು. ತೆಳು ನೂಲಾದರೆ 2 ಮಿ.ಮೀ. ಆಸುಪಾಸಿನ ಕ್ರೋಶಾ ಕಡ್ಡಿ ಸಾಕು. ಮುಗಿದ ತೊಪ್ಪಿಯನ್ನು ತೊಳೆದು, ತೆಳು ಗಂಜಿಯಲ್ಲಿ ಅದ್ದಿ, ಅದೇ ಅಳತೆಯ ಪಾತ್ರೆಯನ್ನು ಕವುಚಿ ಅದರ ಮೇಲೆ ಒಣಗಿಸಿ. ಬಿಳಿ ತೊಪ್ಪಿಗೆ ಕುಚ್ಚಲಕ್ಕಿ ಗಂಜಿ ಹಾಕಿದರೆ ಬಣ್ಣ ಕೆಂಪಗಾದೀತು, ಬೆಳ್ತಿಗೆ ಗಂಜಿಯೇ ಒಳ್ಳೆಯದು.

ನಮ್ಮ ಉಮ್ಮಂದಿರ ತಲೆಮಾರಿನಲ್ಲಿ ಬೀಡಿ ಕಟ್ಟದ ಕೈಗಳು ಕಡಿಮೆ. ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಆ ಬೆರಳುಗಳು ವರ್ಷಗಟ್ಟಲೆ ಓಡಿವೆ. ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಕಟ್ಟಿ ಪಳಗಿದ ಬೆರಳಿಗೆ ಕ್ರೋಶಾ ಕಡ್ಡಿ ಬೇಗ ಒಗ್ಗುತ್ತದೆ. ಕಣ್ಣು ಮಂಜಾದರೆ ತುಸು ದಪ್ಪ ನೂಲು, ತುಸು ದೊಡ್ಡ ಕಡ್ಡಿ ಕೊಡಿ. ಇಲ್ಲಿ ಲೆಕ್ಕ ಇದೆ, ಆದರೆ ಸಂಜೆಗೆ ಇಷ್ಟು ಮುಗಿಯಲೇಬೇಕೆಂಬ ಅವಸರವಿಲ್ಲ. ಎಷ್ಟೋ ಉಮ್ಮಂದಿರಿಗೆ ಅಂತಹ ಕೆಲಸ ಸಿಕ್ಕಿದ್ದೇ ಅಪರೂಪ. ಬೇಸರ ಬಂತೋ, ಅರ್ಧದಲ್ಲೇ ಎತ್ತಿಡಬಹುದು.

ಈಗ ಬೆಲೆಯ ಮಾತು. ದಿನಕ್ಕೊಂದೆರಡು ಗಂಟೆ ಕೂತರೆ ಒಂದು ತೊಪ್ಪಿಗೆ ಸುಮಾರು ಒಂದು ವಾರ ಹಿಡಿಯುತ್ತದೆ. ಕೆಲವರು ಚೌಕಾಸಿ ಮಾಡುತ್ತಾರೆ, “ನೂಲಿನ ದುಡ್ಡು ತಕ್ಕೊಳ್ಳಿ, ನನಗೊಂದು ಹೆಣೆದು ಕೊಡಿ” ಎನ್ನುತ್ತಾರೆ. ಬರೀ ನೂಲಿನ ದುಡ್ಡಿಗೆ ಕೊಟ್ಟರೆ ನಮ್ಮ ಹತ್ತು ಹದಿನಾಲ್ಕು ಗಂಟೆಗೆ ಬೆಲೆಯೇ ಇಲ್ಲ ಎಂದು ನಾವೇ ಒಪ್ಪಿದಂತೆ. ಅಷ್ಟೇ ಅಲ್ಲ, ಇದನ್ನೇ ನಂಬಿ ಬದುಕುವ ಹೆಂಗಸರ ದರವನ್ನೂ ನಾವೇ ಇಳಿಸಿದಂತೆ. ಹಾಗಾಗಿ ನಮ್ಮ ಸಲಹೆ ಇಷ್ಟೇ. ಪ್ರೀತಿಯಿಂದ ಕೊಡುವುದಾದರೆ ಪೂರ್ತಿ ಪುಕ್ಕಟೆಯಾಗಿ ಕೊಡಿ. ಮಾರುವುದಾದರೆ ನೂಲಿನ ಜೊತೆ ಗಂಟೆಯನ್ನೂ ಲೆಕ್ಕ ಹಾಕಿ, ನಾಚಿಕೆಯಿಲ್ಲದೆ ಬೆಲೆ ಹೇಳಿ. ಒಪ್ಪದವರಿಗೆ ಅಂಗಡಿ ಹೇಗೂ ಉಂಟಲ್ಲ.

ಹೊಸಬರು ಸಣ್ಣ ಮಗುವಿನ ತೊಪ್ಪಿಯಿಂದ ಶುರು ಮಾಡಿ. ಸುತ್ತು ಕಡಿಮೆ, ಬೇಗ ಮುಗಿಯುತ್ತದೆ. ಲೆಕ್ಕ ಮಾತ್ರ ಅದೇ ಹನ್ನೆರಡು.