ಗೋಣಿತಟ್ಟಿನ ಮೇಲೆ ಹೊಲಿದ ಸಾಕ್ಷ್ಯ

ಗೋಣಿತಟ್ಟಿನ ಮೇಲೆ ಬಟ್ಟೆಚೂರು ಹೊಲಿದು ಮಾಡುವ ಚಿಲಿ ದೇಶದ ಅರ್ಪಿಯೇರಾಗಳು ಮೊದಲ ನೋಟಕ್ಕೆ ಮಕ್ಕಳ ಕೋಣೆಯ ಗೋಡೆಗೆ ಒಪ್ಪುವಂಥ ಬಣ್ಣದ ಚಿತ್ರಗಳು. ಹಿಂದೆ ಆಂಡಿಸ್ ಪರ್ವತಸಾಲು, ಮೇಲೆ ಸೂರ್ಯ, ಕೆಳಗೆ ಸಾಲುಮನೆಗಳು, ಚಿಂದಿ ಸುತ್ತಿ ಮಾಡಿದ ಪುಟ್ಟ ಗೊಂಬೆಗಳು. ತುಸು ಹೊತ್ತು ನೋಡಿದರೆ ಗೊಂಬೆಗಳ ಕೈಯಲ್ಲಿ ‘ಅವರೆಲ್ಲಿ?’ ಎಂಬ ಫಲಕ ಕಾಣುತ್ತದೆ. ಮನೆಬಾಗಿಲಲ್ಲಿ ಪೊಲೀಸರು, ಬೀಗ ಬಿದ್ದ ಕಾರ್ಖಾನೆ, ಕೇರಿಯವರೆಲ್ಲ ಸೇರಿ ಗಂಜಿ ಬೇಯಿಸುವ ಹಂಡೆ.

1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೋಚೆಟ್‌ನ ಸೇನೆ, ಚುನಾಯಿತ ಅಧ್ಯಕ್ಷ ಸಾಲ್ವಡಾರ್ ಅಯೆಂದೆಯ ಸರ್ಕಾರವನ್ನು ಉರುಳಿಸಿತು. ಮುಂದಿನ ಹದಿನೇಳು ವರ್ಷಗಳ ಅವನ ಆಳ್ವಿಕೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಕೊಲೆಯಾದರು ಇಲ್ಲವೇ ಕಣ್ಮರೆಯಾದರು. ಗಂಡನನ್ನೋ ಮಗನನ್ನೋ ಹುಡುಕುತ್ತ ಠಾಣೆ, ಆಸ್ಪತ್ರೆ, ಶವಾಗಾರಗಳಿಗೆ ಅಲೆದ ಹೆಂಗಸರಿಗೆ ಎಲ್ಲ ಕಡೆಯೂ ಒಂದೇ ಉತ್ತರ: ಅಂಥವರು ಇಲ್ಲಿಲ್ಲ. ದುಡಿಯುವ ಕೈ ಹೋದ ಮನೆಯಲ್ಲಿ ಒಲೆಯೂ ಆರಿತ್ತು.

ರಾಜಧಾನಿ ಸಾಂಟಿಯಾಗೊದಲ್ಲಿ ಚರ್ಚಿನ ಆಸರೆಯಲ್ಲಿ ಈ ಹೆಂಗಸರು ಒಟ್ಟಿಗೆ ಕೂತು ಹೊಲಿಯತೊಡಗಿದರು. 1976ರಲ್ಲಿ ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರೀಕೆಸ್ ಸ್ಥಾಪಿಸಿದ ‘ವಿಕಾರಿಯಾ ದೆ ಲಾ ಸೊಲಿದಾರಿದಾದ್’ ಎಂಬ ಚರ್ಚಿನ ಸಂಸ್ಥೆ ಅವರ ಕೆಲಸವನ್ನು ಕೊಂಡು ವಿದೇಶಗಳಿಗೆ ಕಳಿಸಿತು. ಗೋಣಿತಟ್ಟಿನ ಮೇಲೆ ಚಿತ್ರ ಹೊಲಿಯುವುದು ಆ ದೇಶಕ್ಕೆ ಹೊಸದಾಗಿರಲಿಲ್ಲ. ಜನಪದ ಗಾಯಕಿ ವಿಯೋಲೆತಾ ಪಾರ್ರಾ ತನ್ನ ಅರ್ಪಿಯೇರಾಗಳನ್ನು 1964ರಲ್ಲೇ ಪ್ಯಾರಿಸ್‌ನ ಲೂವ್ರ್ ಅರಮನೆಯಲ್ಲಿ ಪ್ರದರ್ಶಿಸಿದ್ದಳು.

ಸಾಮಗ್ರಿ ಎಂದರೆ ಹಿಟ್ಟಿನ ಚೀಲ, ಉಣ್ಣೆಯ ದಾರ, ಹಳೆ ಬಟ್ಟೆ. ನಮ್ಮ ಉತ್ತರ ಕರ್ನಾಟಕದ ಕೌದಿಯಂತೆ ಇಲ್ಲೂ ಯಾರ ಅಂಗಿಯ ತುಂಡು ಎಲ್ಲಿ ಕೂತಿದೆ ಎಂಬುದು ಹೊಲಿದವಳಿಗೆ ಗೊತ್ತು. ಕೆಲವು ತುಣುಕುಗಳು ಕಾಣೆಯಾದವನ ಅಂಗಿಯಿಂದಲೇ ಕತ್ತರಿಸಿದವು. ಹೆಚ್ಚಿನ ಅರ್ಪಿಯೇರಾಗಳಲ್ಲಿ ಹೊಲಿದವಳ ಹೆಸರಿಲ್ಲ. ಹೆಸರು ಹಾಕಿದರೆ ಹೊಲಿದವಳೇ ಸಿಕ್ಕಿಬೀಳುತ್ತಿದ್ದಳು. ಕೆಲವುಗಳ ಬೆನ್ನಿಗೆ ಸಣ್ಣ ಜೇಬು, ಅದರೊಳಗೆ ನಡೆದದ್ದನ್ನು ಬರೆದ ಚೀಟಿ.

ಪತ್ರಿಕೆಗಳ ಬಾಯಿ ಕಟ್ಟಿದ್ದ ಆಡಳಿತ ಹೆಂಗಸರ ಸೂಜಿದಾರವನ್ನು ಮೊದಮೊದಲು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ತಾತ್ಸಾರವೇ ಇವರಿಗೆ ದಾರಿ ಬಿಟ್ಟಿತು. ಆದರೂ ಇವುಗಳನ್ನು ಪ್ರತಿಭಟನೆಯ ಕಲೆ ಎಂದಷ್ಟೇ ಕರೆಯುವುದು ನನಗೆ ಸಾಲದೆನಿಸುತ್ತದೆ. ಹೊಲಿಗೆ ಕೈಗೆತ್ತಿಕೊಂಡಾಗ ಬೇಕಿದ್ದದ್ದು ಮಕ್ಕಳ ಹಸಿವಿಗೆ ಕಾಸು. ಬಡತನದ ಚಿತ್ರ ಮಾರಿಯೇ ರೊಟ್ಟಿ ಗಳಿಸಬೇಕಾದ ಪಾಡು ಅದು. ರೊಟ್ಟಿ ಮತ್ತು ಸಾಕ್ಷ್ಯ ಒಂದೇ ದಾರದಲ್ಲಿ ಬಂದವು. ಬಾಗಿಲಾಚೆ ಮಾತಾಡಿ ಗೊತ್ತಿಲ್ಲದ ಎಷ್ಟೋ ಗೃಹಿಣಿಯರು ಈ ಹೊಲಿಗೆ ಕೂಟಗಳಲ್ಲಿ ತಮ್ಮ ದುಃಖ ಪಕ್ಕದವಳದ್ದೂ ಹೌದೆಂದು ಕಂಡುಕೊಂಡರು. ಮಡಿಲಲ್ಲಿ ಬಟ್ಟೆ ಹಿಡಿದಿದ್ದವರೇ ಸಂಸತ್ ಭವನದ ಕಂಬಿಗಳಿಗೆ ಸರಪಳಿಯಿಂದ ತಮ್ಮನ್ನು ಬಿಗಿದುಕೊಂಡರು. ಜೋಡಿಯಾಗಿ ಕುಣಿಯುವ ರಾಷ್ಟ್ರೀಯ ನೃತ್ಯ ‘ಕ್ವೆಕಾ’ವನ್ನು ಗಂಡಸಿಲ್ಲದೆ ಒಬ್ಬೊಬ್ಬರೇ ಕುಣಿದು ತೋರಿಸಿದರು.

1988ರ ಜನಮತಗಣನೆಯಲ್ಲಿ ಪಿನೋಚೆಟ್ ಸೋತ, 1990ರಲ್ಲಿ ಅಧಿಕಾರ ಬಿಟ್ಟ. 2010ರಲ್ಲಿ ಸಾಂಟಿಯಾಗೊದಲ್ಲಿ ತೆರೆದ ಸ್ಮೃತಿ ಮತ್ತು ಮಾನವ ಹಕ್ಕುಗಳ ವಸ್ತುಸಂಗ್ರಹಾಲಯದಲ್ಲಿ ಈಗ ಅರ್ಪಿಯೇರಾಗಳಿವೆ. ಚಿಲಿಯ ರೊಬೆರ್ತಾ ಬಾಸಿಕ್ ಉತ್ತರ ಐರ್ಲೆಂಡಿನಲ್ಲಿದ್ದುಕೊಂಡು ಇಂಥ ಹೊಲಿಗೆಗಳನ್ನು ದೇಶದೇಶಗಳಿಂದ ಕೂಡಿಸಿ ಪ್ರದರ್ಶಿಸುತ್ತ ಬಂದಿದ್ದಾರೆ. ಬ್ರೆಜಿಲಿನಲ್ಲಿ ಅಣೆಕಟ್ಟೆಗಳಿಂದ ಮನೆ ಕಳೆದುಕೊಂಡ ಹೆಂಗಸರೂ ಈ ಕೆಲಸ ಕಲಿತು, ಮುಳುಗಿದ ಊರನ್ನೂ ಕಾಮಗಾರಿಯ ಜೊತೆ ಬಂದ ಹಿಂಸೆಯನ್ನೂ ಗೋಣಿಬಟ್ಟೆಯ ಮೇಲೆ ಹೊಲಿಯುತ್ತಿದ್ದಾರೆ.