ತಾಳಿಕೊಂಡು ಬೆಳೆಯುವ ಶಕ್ತಿ

ಮನಶ್ಶಾಸ್ತ್ರವು ಬಹುಕಾಲ ಮನಸ್ಸಿನ ರೋಗಗಳನ್ನೇ ತನ್ನ ಮುಖ್ಯ ವಿಷಯವನ್ನಾಗಿ ಮಾಡಿಕೊಂಡಿತ್ತು. ಮನುಷ್ಯನು ಏಕೆ ಕುಸಿಯುತ್ತಾನೆಂದು ಕೇಳಿದ ಈ ಶಾಸ್ತ್ರವು, ಕುಸಿಯಬೇಕಾದೆಡೆಯಲ್ಲಿಯೂ ಅವನು ಹೇಗೆ ನಿಲ್ಲುತ್ತಾನೆಂದು ಕೇಳಿದ್ದು ವಿರಳ. ೧೯೯೮ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್ಮನ್ ಅವರು ಈ ಕೊರತೆಯನ್ನು ಎತ್ತಿ ತೋರಿಸಿದ ಬಳಿಕ ಸಕಾರಾತ್ಮಕ ಮನಶ್ಶಾಸ್ತ್ರವೆಂಬ ಶಾಖೆಯು ಪ್ರಸಿದ್ಧಿಗೆ ಬಂದಿತು. ಆದರೆ ಅದರ ಹೆಸರಿನಲ್ಲಿ ಇಂದು ಹಬ್ಬಿರುವ ಉಪದೇಶವು ಬಹುಮಟ್ಟಿಗೆ ‘ಒಳ್ಳೆಯದನ್ನೇ ಯೋಚಿಸು, ಗಟ್ಟಿಯಾಗಿರು’ ಎಂಬಷ್ಟಕ್ಕೇ ನಿಂತಿದೆ. ಗಟ್ಟಿತನವು ವ್ಯಕ್ತಿಯ ಸ್ವಂತ ಸಂಪಾದನೆಯೇ, ಸುತ್ತಲಿನವರು ಇತ್ತ ಆಸರೆಯ ಫಲವೇ? ಈ ಶಾಖೆಗೆ ಎಷ್ಟೋ ಮೊದಲು ಆರಂಭವಾದ ಒಂದು ಅಧ್ಯಯನವು ಈ ಪ್ರಶ್ನೆಗೆ ಬೆಳಕು ನೀಡುತ್ತದೆ.

ಶಾಂತಸಾಗರದ ಹವಾಯಿ ದ್ವೀಪಸಮೂಹದಲ್ಲಿ ಕವಾಯಿ ಒಂದು ದ್ವೀಪ. ಕಬ್ಬಿನ ತೋಟಗಳ ದುಡಿಮೆಗಾಗಿ ಜಪಾನ್, ಫಿಲಿಪ್ಪೀನ್ಸ್ ಮೊದಲಾದ ದೇಶಗಳಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ನೆಲೆಸಿದ್ದರು. ೧೯೫೫ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ ೬೯೮ ಶಿಶುಗಳ ಬೆಳವಣಿಗೆಯನ್ನು ಎಮ್ಮಿ ವರ್ನರ್, ರೂತ್ ಸ್ಮಿತ್ ಎಂಬ ವಿದುಷಿಯರೂ ಅವರ ಸಂಗಡಿಗರೂ ದಶಕಗಳ ಕಾಲ, ಆ ಶಿಶುಗಳಿಗೆ ನಲವತ್ತು ತುಂಬುವವರೆಗೆ, ಪರಿಶೀಲಿಸಿದರು. ಇವರಲ್ಲಿ ೨೦೧ ಮಕ್ಕಳು ಬಡತನ, ಜನನಕಾಲದ ತೊಂದರೆ, ತಂದೆತಾಯಿಗಳ ಕಲಹ, ಕುಡಿತ, ಮನೋರೋಗ ಮೊದಲಾದ ಹಲವು ಸಂಕಟಗಳಿಗೆ ಎರಡು ವರ್ಷ ತುಂಬುವುದರೊಳಗೆ ಒಟ್ಟಿಗೇ ಸಿಲುಕಿದ್ದರು. ಅವರ ಪೈಕಿ ಮೂರರಲ್ಲಿ ಎರಡು ಪಾಲು ಮಕ್ಕಳು ಓದಿನಲ್ಲಿಯೋ ನಡತೆಯಲ್ಲಿಯೋ ಮನಃಸ್ವಾಸ್ಥ್ಯದಲ್ಲಿಯೋ ಸೋತರು. ಇದು ನಿರೀಕ್ಷಿತವೇ. ಉಳಿದ ೭೨ ಮಂದಿ ಸಮರ್ಥರೂ ಪರರಲ್ಲಿ ಕಾಳಜಿಯುಳ್ಳವರೂ ಆಗಿ ಬೆಳೆದದ್ದೇ ವಿಸ್ಮಯ.

ಪದಾರ್ಥವಿಜ್ಞಾನದಲ್ಲಿ ಸ್ಥಿತಿಸ್ಥಾಪಕತ್ವವೆಂದರೆ ಎಳೆದ ವಸ್ತುವು ಮೊದಲಿನ ಆಕಾರಕ್ಕೆ ಮರಳುವ ಗುಣ. ಈ ಮಾತನ್ನು ಕೆಲವರು ಮನಸ್ಸಿಗೂ ಅನ್ವಯಿಸುವುದುಂಟು. ಆದರೆ ಕವಾಯಿಯ ಈ ಮಕ್ಕಳಿಗೆ ಮರಳಿ ಹೋಗುವುದಕ್ಕೆ ಒಳ್ಳೆಯ ಪೂರ್ವಸ್ಥಿತಿಯೇ ಇರಲಿಲ್ಲ. ಅವರಲ್ಲಿದ್ದುದು ತಾಳಿಕೊಂಡು ಬೆಳೆಯುವ ಶಕ್ತಿ ಎಂದರೆ ಹೆಚ್ಚು ಸರಿಯಾದೀತು.

ಆ ಶಕ್ತಿಯಲ್ಲಿ ಹುಟ್ಟುಗುಣದ ಪಾಲು ಇಲ್ಲದಿರಲಿಲ್ಲ. ಎಳವೆಯಿಂದಲೇ ಇವರಲ್ಲಿ ಅನೇಕರು ಚಟುವಟಿಕೆಯ, ಎಲ್ಲರನ್ನೂ ಒಲಿಸಿಕೊಳ್ಳುವ ಕೂಸುಗಳಾಗಿದ್ದರು. ಆದರೆ ಒಲಿಯುವವರು ಬಳಿಯಲ್ಲಿ ಇರಬೇಕಷ್ಟೆ! ತಂದೆತಾಯಿಗಳಿಂದ ದೊರೆಯದ ಮಮತೆಯನ್ನು ಅಜ್ಜಿಯೋ ಚಿಕ್ಕಮ್ಮನೋ ಅಕ್ಕನೋ ನೀಡಿದ್ದಳು. ಕೆಲವರಿಗೆ ನೆರೆಯವರು, ಕೆಲವರಿಗೆ ಮೆಚ್ಚಿನ ಉಪಾಧ್ಯಾಯರು ಆಸರೆಯಾಗಿದ್ದರು. ಇನ್ನೊಂದು ಸಂಗತಿಯು ಇದಕ್ಕಿಂತಲೂ ಗಮನಾರ್ಹ. ಇವರಲ್ಲಿ ಹಲವರು ಬಾಲ್ಯದಲ್ಲಿಯೇ ತಮ್ಮತಂಗಿಯರನ್ನು ನೋಡಿಕೊಳ್ಳುವ, ಮನೆಗೆಲಸವನ್ನು ನಿರ್ವಹಿಸುವ ಹೊಣೆ ಹೊತ್ತವರು. ನೆರವು ಪಡೆದುದರಿಂದ ಮಾತ್ರವಲ್ಲ, ತಮ್ಮಿಂದ ಇನ್ನೊಬ್ಬರಿಗೆ ನೆರವಾಗುತ್ತಿದೆ ಎಂಬ ಅರಿವಿನಿಂದಲೂ ಅವರು ಗಟ್ಟಿಗೊಂಡರು. ಆಸರೆಯಿಲ್ಲದೆ ಸೋತ ಮಗುವನ್ನು ಮನೋಬಲವಿಲ್ಲದವನೆಂದು ಹಳಿಯುವುದು ಈ ದೃಷ್ಟಿಯಿಂದ ಅನ್ಯಾಯವೇ ಸರಿ.

ಹದಿನೆಂಟರಲ್ಲಿ ಸೋತವರ ಕಥೆಯೂ ಅಲ್ಲಿಗೇ ಮುಗಿಯಲಿಲ್ಲ. ಮೂವತ್ತು, ನಲವತ್ತರ ವೇಳೆಗೆ ಅವರಲ್ಲಿ ಬಹುಮಂದಿ ನೆಟ್ಟಗಾಗಿದ್ದರು. ಒಬ್ಬರಿಗೆ ವಯಸ್ಕರ ಕಾಲೇಜು, ಮತ್ತೊಬ್ಬರಿಗೆ ಸೈನ್ಯದ ಉದ್ಯೋಗ, ಹಲವರಿಗೆ ಸ್ಥಿರಚಿತ್ತದ ಬಾಳಸಂಗಾತಿ ಅಥವಾ ಧಾರ್ಮಿಕ ಸಮುದಾಯದ ಒಡನಾಟವು ಎರಡನೆಯ ಅವಕಾಶವನ್ನು ಒದಗಿಸಿತು. ಅಂತಹ ಬಾಗಿಲು ತೆರೆಯದ ಕೆಲವರು ನಲವತ್ತರಲ್ಲಿಯೂ ಹಳೆಯ ಸಂಕಟದಲ್ಲಿಯೇ ಉಳಿದಿದ್ದರು.