ಎಳನೀರು, ಗುಳಿಗೆ ಮತ್ತು ಮೂತ್ರಪಿಂಡದ ಗೇಟುಗಳು

ಮುನಿರಾಬಾದಿನ ದಂಡೆಯ ಮೇಲೆ ನಿಂತು ತುಂಗಭದ್ರಾ ಜಲಾಶಯವನ್ನು ಕಂಡವರಿಗೆ ಒಳಹರಿವು, ಹೊರಹರಿವು ಎಂಬ ಮಾತುಗಳನ್ನು ವಿವರಿಸಬೇಕಾಗಿಲ್ಲ. ಮೇಲಿನಿಂದ ಬರುವ ನೀರನ್ನು ನೋಡಿಕೊಂಡೇ 33 ಗೇಟುಗಳಲ್ಲಿ ಎಷ್ಟನ್ನು ಎತ್ತಬೇಕೆಂಬುದು ನಿರ್ಧಾರವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಒಂದೇ ಒಂದು ಗೇಟು ಕೆಟ್ಟರೆ ಎಂತಹ ಆತಂಕ ಕವಿಯುವುದೆಂಬುದನ್ನು ಈ ಭಾಗದ ರೈತರೆಲ್ಲ ಅನುಭವಿಸಿದರು. ನಮ್ಮ ದೇಹದೊಳಗೂ ಇಂತಹ ಗೇಟುಗಳ ವ್ಯವಸ್ಥೆಯೊಂದಿದೆ. ಅಲ್ಲಿ ಹರಿಯುವುದು ಪೊಟ್ಯಾಸಿಯಂ. ಅದನ್ನು ಕಾಯುವುದು ಮೂತ್ರಪಿಂಡ.

ಪೊಟ್ಯಾಸಿಯಂ ನಮಗೆ ಅಪರಿಚಿತ ವಸ್ತುವಲ್ಲ. ಭತ್ತಕ್ಕೆ, ಬಾಳೆಗೆ ನಾವು ಹಾಕುವ ಪೊಟ್ಯಾಷ್ ಗೊಬ್ಬರದಲ್ಲಿರುವುದು ಅದೇ. ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ನಮ್ಮ ತಾಟಿಗೆ ಅದು ಬರುತ್ತದೆ. ದೇಹದಲ್ಲಿರುವ ಪೊಟ್ಯಾಸಿಯಂನ ನೂರಕ್ಕೆ 98 ಭಾಗ ಜೀವಕೋಶಗಳ ಒಳಗೇ ಇದ್ದು, ರಕ್ತದಲ್ಲಿ ಇರುವುದು ಅತ್ಯಲ್ಪ. ಆದರೆ ಹೃದಯದ ಬಡಿತವು ಈ ಅತ್ಯಲ್ಪದ ಅಳತೆಯನ್ನೇ ನೆಚ್ಚಿಕೊಂಡಿದೆ. ಒಂದು ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್‌ನಷ್ಟು ಇದ್ದರೆ ಕ್ಷೇಮ. ಅದಕ್ಕಿಂತ ಬಹಳ ಇಳಿದರೂ ಏರಿದರೂ ಹೃದಯದ ತಾಳ ತಪ್ಪುತ್ತದೆ.

ಉಂಡಂತೆ ತೆರೆಯುವ ಗೇಟು

ಪ್ರತಿಯೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಗೊಳವೆಗಳಿವೆ. ಈ ಗೊಳವೆಗಳ ಕೊನೆಯ ಭಾಗದಲ್ಲಿ ಪೊಟ್ಯಾಸಿಯಂ ಮಾತ್ರ ಹಾದುಹೋಗಬಲ್ಲ ದ್ವಾರಗಳಿರುತ್ತವೆ. ಇವುಗಳಲ್ಲಿ ಮುಖ್ಯವಾದುದಕ್ಕೆ ವಿಜ್ಞಾನಿಗಳು ರೋಮ್‌-ಕೆ ಎಂದು ಹೆಸರಿಟ್ಟಿದ್ದಾರೆ. ಅದರ ರಚನೆ 1993ರಲ್ಲಿ ಬೆಳಕಿಗೆ ಬಂದಿತು. ಈ ದ್ವಾರಗಳ ಸಂಖ್ಯೆ ಸ್ಥಿರವಾದುದಲ್ಲ ಎಂಬುದೇ ಇಲ್ಲಿಯ ಸೋಜಿಗ. ಇಲಿಗಳಿಗೆ ಕೆಲವು ದಿನ ಪೊಟ್ಯಾಸಿಯಂ ಹೆಚ್ಚಾಗಿರುವ ಆಹಾರವನ್ನಿತ್ತಾಗ ತೆರೆದ ದ್ವಾರಗಳು ಹೆಚ್ಚಿದವು. ಕಡಿಮೆ ಮಾಡಿದಾಗ ಜೀವಕೋಶವು ಅವನ್ನು ಒಳಗೆಳೆದುಕೊಂಡಿತು. ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟೆರೋನ್ ಎಂಬ ರಸವೂ ಪೊಟ್ಯಾಸಿಯಂ ಹೊರಹಾಕಲು ಆಜ್ಞೆ ನೀಡುತ್ತದೆ.

ಪೊಟ್ಯಾಸಿಯಂ ದ್ವಾರಗಳು ಮೂತ್ರಪಿಂಡದಲ್ಲಷ್ಟೇ ಅಲ್ಲ, ದೇಹದ ಎಲ್ಲೆಡೆಯೂ ಇವೆ. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಬೆನ್‌ಕ್ಲಮೈಡ್ ಮೇದೋಜೀರಕದಲ್ಲಿ ಇಂತಹ ದ್ವಾರವನ್ನು ಮುಚ್ಚಿ ಇನ್ಸುಲಿನ್ ಹೊರಬರುವಂತೆ ಮಾಡುತ್ತದೆ. ಎದೆನೋವಿಗೆ ಕೊಡುವ ನಿಕೊರಾಂಡಿಲ್ ರಕ್ತನಾಳದ ಸ್ನಾಯುವಿನಲ್ಲಿ ದ್ವಾರವನ್ನು ತೆರೆದು ನಾಳವನ್ನು ಹಿಗ್ಗಿಸುತ್ತದೆ. ಮೂತ್ರಪಿಂಡದ ರೋಮ್‌-ಕೆ ದ್ವಾರವನ್ನೇ ತಡೆದು ಉಪ್ಪು, ನೀರನ್ನು ಹೊರಹಾಕಿಸುವ ಔಷಧಗಳಿಗಾಗಿಯೂ ಸಂಶೋಧನೆ ನಡೆದಿದೆ. ಆದರೆ ಉಣ್ಣುವ ಅನ್ನವನ್ನು ಅನುಸರಿಸಿ ದ್ವಾರಗಳ ಸಂಖ್ಯೆಯೇ ಬದಲಾಗುವಾಗ, ಆ ದ್ವಾರವನ್ನು ಮುಟ್ಟುವ ಔಷಧದ ಪರಿಣಾಮವೂ ಎಲ್ಲರಲ್ಲಿ ಒಂದೇ ತೆರನಾಗಿರಲು ಹೇಗೆ ಸಾಧ್ಯ?

ಒಂದೇ ಮನೆ, ಎರಡು ಗುಳಿಗೆ

ಈ ಮಾತು ಪ್ರಯೋಗಶಾಲೆಗೆ ಸೀಮಿತವಾದುದಲ್ಲ. ಒಂದೇ ಮನೆಯಲ್ಲಿ ಅಜ್ಜನೂ ಅಮ್ಮನೂ ರಕ್ತದೊತ್ತಡಕ್ಕೆಂದೋ ಕಾಲುಬಾವಿಗೆಂದೋ ಗುಳಿಗೆ ನುಂಗುತ್ತಿರಬಹುದು. ಅಜ್ಜನ ಗುಳಿಗೆ ಫ್ಯುರೋಸೆಮೈಡ್ ಆಗಿದ್ದರೆ ಮೂತ್ರದೊಡನೆ ಪೊಟ್ಯಾಸಿಯಂ ಸೋರಿಹೋಗುತ್ತದೆ. ವೈದ್ಯರೇ ಎಳನೀರು, ಬಾಳೆಹಣ್ಣು ತೆಗೆದುಕೊಳ್ಳಿರೆಂದು ಹೇಳಬಹುದು. ಅಮ್ಮನ ಗುಳಿಗೆ ಸ್ಪೈರೊನೊಲ್ಯಾಕ್ಟೋನ್, ಅಮಿಲೊರೈಡ್, ಎನಾಲಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಆಗಿದ್ದರೆ ಪರಿಣಾಮ ತದ್ವಿರುದ್ಧ. ಇವು ಬೇರೆ ಬೇರೆ ದಾರಿಯಿಂದ ಪೊಟ್ಯಾಸಿಯಂನ ಹೊರಹರಿವನ್ನು ತಗ್ಗಿಸುತ್ತವೆ. ಅಜ್ಜನಿಗೆ ಹಿತವಾದ ಎಳನೀರು ಮೂತ್ರಪಿಂಡ ಸೊರಗಿದ ಅಮ್ಮನಿಗೆ ಅಪಾಯವಾಗಬಲ್ಲದು.

ಮೂತ್ರಪಿಂಡ ಸೊರಗಿದವರ ಸ್ಥಿತಿ ಇನ್ನಷ್ಟು ನಾಜೂಕು. ಸೋಸುಗೊಳವೆಗಳು ಒಂದೊಂದಾಗಿ ನಾಶವಾದಂತೆ ಉಳಿದವು ಹೆಚ್ಚು ದುಡಿದು ಸಮತೋಲನವನ್ನು ಕಾಯುತ್ತಿರುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಅಂತಹ ಸಮಯದಲ್ಲಿ ಗುಳಿಗೆಯು ಹೊರಹರಿವನ್ನು ತಡೆದು, ಆಹಾರವು ಒಳಹರಿವನ್ನು ಹೆಚ್ಚಿಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಉಕ್ಕುತ್ತದೆ. ಕೈಕಾಲು ಸೋತುಬರುವುದು, ಎದೆಬಡಿತ ಏರುಪೇರಾಗುವುದು ಇದರ ಸೂಚನೆಗಳು. ಎಷ್ಟೋ ವೇಳೆ ಯಾವ ಸೂಚನೆಯೂ ಇಲ್ಲದೆ ಹೃದಯವೇ ನಿಲ್ಲುವುದುಂಟು.

ಅಡುಗೆಮನೆಯ ಎಚ್ಚರ

ರೋಗಿಯನ್ನು ಕಾಣಲು ಹೋಗುವಾಗ ಎಳನೀರು, ಬಾಳೆಹಣ್ಣು, ಮೋಸಂಬಿ ಒಯ್ಯುವುದು ನಮ್ಮ ಕಡೆಯ ರೂಢಿ. ಅದರ ಹಿಂದಿನ ಅಂತಃಕರಣ ದೊಡ್ಡದು. ಆದರೆ 100 ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ, ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ರೋಗಿಗೆ ಇವನ್ನು ಕೊಡುವ ಮುನ್ನ ವೈದ್ಯರನ್ನು ಕೇಳುವುದು ಲೇಸು. ಮಠದಲ್ಲಿ ದೊರೆತ ಬಾಳೆಹಣ್ಣಿನ ಪ್ರಸಾದವನ್ನು ಒಂದು ಚೂರು ಸ್ವೀಕರಿಸಿ ಉಳಿದುದನ್ನು ಮನೆಯವರಿಗೆ ಹಂಚಿದರೆ ಭಕ್ತಿಗೆ ಕುಂದಿಲ್ಲ.

ಬೇಳೆ, ಕಾಳು, ಸೊಪ್ಪು, ಬಟಾಟೆಗಳನ್ನು ಸಾಕಷ್ಟು ನೀರಿನಲ್ಲಿ ಬೇಯಿಸಿ ಆ ನೀರನ್ನು ಬಸಿದರೆ ಪೊಟ್ಯಾಸಿಯಂ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಹೋಳಿಗೆಯ ದಿನ ಕಡಲೆಬೇಳೆ ಬಸಿದ ಕಟ್ಟಿನಿಂದಲೇ ನಾವು ಸಾರು ಮಾಡುತ್ತೇವಲ್ಲವೇ? ಬೇಳೆ ಬಿಟ್ಟ ಪೊಟ್ಯಾಸಿಯಂ ಸೇರಿರುವುದು ಆ ಕಟ್ಟಿನಲ್ಲಿಯೇ. ಉಳಿದವರು ಸಂತೋಷದಿಂದ ಸವಿಯಲಿ. ಮೂತ್ರಪಿಂಡದ ರೋಗಿಯ ತಾಟಿಗೆ ಬೇಡ.

ಇನ್ನೊಂದು ಎಚ್ಚರ ಉಪ್ಪಿನದು. ಸೋಡಿಯಂ ಕಡಿಮೆಯಿರುವ ಉಪ್ಪೆಂದು ಮಾರಾಟವಾಗುವ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಸೇರಿಸುವುದು ಪೊಟ್ಯಾಸಿಯಂ ಕ್ಲೋರೈಡ್. ಹೊಲಕ್ಕೆ ಹಾಕುವ ಕೆಂಪು ಪೊಟ್ಯಾಷ್‌ನ ಮೂಲಸತ್ವವೇ ಶುದ್ಧರೂಪದಲ್ಲಿ. ಆರೋಗ್ಯವಂತರಿಗೆ ಇದು ಹಿತಕರವೇ. ಚೀನಾದ 600 ಹಳ್ಳಿಗಳಲ್ಲಿ ಸುಮಾರು ಐದು ವರ್ಷ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂತಹ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಗಿತ್ತು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವಯಸ್ಕರಿಗೆ ಇದನ್ನು ಸೂಚಿಸಿತು. ಆದರೆ ಗರ್ಭಿಣಿಯರು, ಮಕ್ಕಳು ಹಾಗೂ ಮೂತ್ರಪಿಂಡ ದುರ್ಬಲವಾದವರನ್ನು ಆ ಸಲಹೆಯಿಂದ ಹೊರಗಿಟ್ಟಿತು.

ಹಾಗೆಂದು ಆರೋಗ್ಯವಂತರು ಹಣ್ಣು, ಕಾಯಿಪಲ್ಯಗಳಿಗೆ ಅಂಜಬೇಕಾಗಿಲ್ಲ; ಅವರಿಗೆ ದಿನಕ್ಕೆ 3,510 ಮಿಲಿಗ್ರಾಂ ಪೊಟ್ಯಾಸಿಯಂ ಬೇಕೆಂದು ಅದೇ ಸಂಸ್ಥೆ ಹೇಳುತ್ತದೆ. ರೋಗಿಗಳೂ ತಾವಾಗಿಯೇ ಗುಳಿಗೆ ನಿಲ್ಲಿಸಬಾರದು. ವೈದ್ಯರಲ್ಲಿಗೆ ಹೋದಾಗ ಗುಳಿಗೆಯ ಚೀಟಿಯೊಡನೆ ಮನೆಯ ಊಟದ ವಿವರವನ್ನೂ ತಪ್ಪದೆ ತಿಳಿಸೋಣ. ರಕ್ತದ ಪೊಟ್ಯಾಸಿಯಂ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕೆಂದು ಕೇಳೋಣ. ಒಳಹರಿವನ್ನು ಅರಿಯದೆ ಗೇಟು ಎತ್ತುವವರಿಲ್ಲ. ಉಣ್ಣುವುದನ್ನು ಅರಿಯದೆ ಗುಳಿಗೆಯ ಅಳತೆಯನ್ನು ನಿರ್ಧರಿಸುವುದೂ ಸಲ್ಲದು.